ಪುಟ್ಟರಂಗನ ನೆರಳಿಗೆ ನೆಟ್ಟ ಗುಲಾಬಿ

ವೈಜಯಂತಿ, ನಿನ್ನ ಮೆಸೇಜು ಓದಿಸ್ಕೊಂಡೆ ಕಣೆ. ನಂಗೆ ಅಷ್ಟು ಸಣ್ಣ ಅಕ್ಷರ ಕಾಣಲ್ಲ, ಟೈಪು ಮಾಡೋಕೂ ಬರಲ್ಲ, ಅದಕ್ಕೇ ಬಾಯಲ್ಲೇ ಹೇಳಿ ಕಳಿಸ್ತಿದೀನಿ. ಉದ್ದ ಆಗುತ್ತೆ. ನನ್ನ ಗಂಡ ಬದುಕಿದ್ದಷ್ಟು ದಿನ ನನ್ನ ಮಾತು ಮುಗಿಯೋವರೆಗೆ ಒಂದು ಸಲಾನೂ ಕೂತೋನಲ್ಲ, ನೀನಾದ್ರೂ ಕೂತ್ಕೋ. ನೀನು ಕೇಳಿರೋದು ಮೂರು ವಿಷಯ. ನೆರಳುಗುಲಾಬಿ ಹೆಂಗೆ ನೆಡೋದು, ಅದಕ್ಕೆ ಬಿಸಿಲು ಎಷ್ಟು ಬೇಕು, ಆಮೇಲೆ ಅದು ಹೂ ಬಿಡದಂಗೆ ಕತ್ತರಿಸ್ತಾ ಹೋದ್ರೆ ಏನಾಗುತ್ತೆ ಅಂತ. ಮೊದಲನೇ ಎರಡಕ್ಕೆ ಊರಲ್ಲಿ ಯಾರನ್ನ ಕೇಳಿದ್ರೂ ಹೇಳೋರು. ಮೂರನೇದಕ್ಕೋಸ್ಕರ ನನ್ನ ಹತ್ರ ಬಂದಿದೀಯ ಅಂತ ನಂಗೆ ಗೊತ್ತು. ನನ್ನ ತಂಗಿ ಚೆಲುವಿ ವಿಷಯ ಯಾರೋ ನಿನ್ನ ಕಿವಿಗೆ ಹಾಕಿದಾರೆ. ಅರ್ಧ ಹಾಕಿದಾರೆ, ಅರ್ಧ ನುಂಗ್ಕೊಂಡಿದಾರೆ. ಪೂರ್ತಿ ನಾನು ಹೇಳ್ತೀನಿ.

ನೆಡೋದು ಮೊದಲು ಹೇಳಿ ಮುಗಿಸ್ಬಿಡ್ತೀನಿ. ಮೊಣಕಾಲುದ್ದ ಗುಂಡಿ ತೋಡು. ನಿನ್ನ ಗಂಡನ ನೆರಳಿನ ಮೇಲೇ ತೋಡಬೇಕು, ಪಕ್ಕದಲ್ಲಿ ತೋಡಿದ್ರೆ ಹಿಡಿಯಲ್ಲ. ಕಾಲಿನ ಹತ್ರ ತೋಡು. ಎದೆ ಹತ್ರ ತೋಡೋಕೆ ಯಾರಿಗೂ ಕೈ ಬರಲ್ಲ. ಹಳೇ ಸಗಣಿಗೊಬ್ಬರ ಹಾಕು, ಒಂದು ಬೊಗಸೆ ಬೇವಿನ ಹಿಂಡಿ ಹಾಕು, ಮಣ್ಣು ಅಂಟಂಟಾಗಿದ್ರೆ ಚೂರು ಮರಳು. ಹಸೀ ಸಗಣಿ ಹಾಕ್ಬೇಡ, ಬೇರು ಸುಟ್ಟೋಗುತ್ತೆ. ಗೋಡೆಗೆ ಒತ್ತಿ ನೆಡಬೇಡ. ಇದು ನಿಮ್ಮೂರ ಕಡೆ ಕುಂಡದಲ್ಲಿ ಇಡ್ತಾರಲ್ಲ ಆ ಗುಲಾಬಿ ಅಲ್ಲ, ಆಳೆತ್ತರ ದಾಟಿ ಹೋಗುತ್ತೆ, ನಾಕು ಜನ ಕೈಕೈ ಹಿಡ್ಕೊಂಡು ನಿಂತಷ್ಟು ಹರಡುತ್ತೆ. ಸುತ್ತ ಗಾಳಿ ಆಡದಿದ್ರೆ ಎಲೆ ಮೇಲೆ ಬೂದಿ ಕೂರುತ್ತೆ. ನೀರು ಬೆಳಗ್ಗೆ ಹಾಕು, ಬುಡಕ್ಕೆ ಹಾಕು, ಎಲೆ ಮೇಲೆ ಚಿಮುಕಿಸೋ ಶೋಕಿ ಬೇಡ. ಬಿಸಿಲು ಅಂತ ಏನೂ ಬೇಡ. ಬೆಳಗಿನ ಎಳೇ ಬಿಸಿಲು ಚೂರು ತಾಗಿದ್ರೆ ಬೇಕಾದಷ್ಟಾಯ್ತು, ಎದುರುಗೋಡೆಗೆ ಸುಣ್ಣ ಹೊಡೆಸಿದ್ರೆ ಆ ಬೆಳಕಲ್ಲೇ ಬದುಕ್ಕೊಳ್ಳುತ್ತೆ. ಮಧ್ಯಾಹ್ನದ ಬಿಸಿಲಿಗೆ ಬಿಟ್ಟೆಯೋ, ಹಪ್ಪಳ ಸುಟ್ಟಂಗೆ ಸುಟ್ಟೋಗುತ್ತೆ. ಹೂವು ವರ್ಷಕ್ಕೆ ಒಂದೇ ಸಲ, ಶಿವರಾತ್ರಿ ಹಿಂದೆಮುಂದೆ. ಹಿಂದಿನ ವರ್ಷ ಬಲಿತ ಕೊಂಬೆ ಮೇಲೆ ಮಾತ್ರ ಬಿಡುತ್ತೆ, ಹೊಸ ಚಿಗುರಲ್ಲಿ ಮೊಗ್ಗು ಕಟ್ಟಲ್ಲ. ಇದು ಎರಡೂ ಜ್ಞಾಪಕ ಇಟ್ಕೋ, ಬಿಸಿಲಿನ ವಿಷಯ, ಕೊಂಬೆ ವಿಷಯ. ಆಮೇಲೆ ಬೇಕಾಗುತ್ತೆ.

ನೀನು ಹೊರಗಿಂದ ಸೊಸೆಯಾಗಿ ಬಂದೋಳು. ನೆರಳು ಅಂದ್ರೆ ನಿನಗಿನ್ನೂ ಎದೆ ಝಲ್ಲಂತಿರುತ್ತೆ. ನಮಗೆ ಅದು ನಲ್ಲೀಲಿ ನೀರು ಬಂದಂಗೆ. ಯಾರಾದ್ರೂ ಹೋದ್ರೆ, ಬದುಕಿದ್ದಾಗ ಎಲ್ಲಿ ಹೆಚ್ಚು ಹೊತ್ತು ಕೂರ್ತಿದ್ರೋ ಅಲ್ಲಿ ಅವರ ನೆರಳು ಉಳ್ಕೊಳ್ಳುತ್ತೆ. ಸೂರ್ಯ ಈ ಕಡೆಯಿಂದ ಆ ಕಡೆ ಹೋದ್ರೂ ಅದು ಕದಲಲ್ಲ. ಬ್ಯಾಂಕಿನ ಕ್ಯಾಷಿಯರು ಹೋದಾಗ ಕೌಂಟರಿನ ಹಿಂದೇನೇ ಉಳಿದ. ಡ್ರಮ್ಮಲ್ಲಿ ಮಣ್ಣು ತುಂಬಿ ಗಿಡ ಇಟ್ಟರು, ಎಷ್ಟೋ ದಿನ ಮುಳ್ಳಿನ ಸಂದೀಲಿ ಕೈ ತೂರಿಸಿ ಪಾಸ್‌ಬುಕ್ಕು ಇಸ್ಕೊಂಡಿದೀವಿ. ಬಸ್‌ಸ್ಟ್ಯಾಂಡ್ ಹತ್ರ ಒಂದು ಕಡೆ ಬಸ್ಸು ಬಳಸ್ಕೊಂಡು ಹೋಗುತ್ತಲ್ಲ, ಅಲ್ಲಿ ಒಬ್ಬ ಬೀಡಿ ಸೇದ್ಕೊಂಡು ರಸ್ತೇಲೇ ಕೂರ್ತಿದ್ದ. ಗಿಡ ಬಂತು, ಹೂವಾಯ್ತು, ಅವನೂ ಹೋದ, ಡ್ರೈವರುಗಳಿಗೆ ಮಾತ್ರ ಬಳಸೋ ಅಭ್ಯಾಸ ಹೋಗಿಲ್ಲ. ನಮ್ಮ ಮಾವನವರು ಎಲ್ಲಿ ಉಳಿದ್ರು ಅಂತ ಹೇಳೋಕೆ ನಾಚಿಕೆ ಆಗುತ್ತೆ. ಅವರಿಗೆ ಮೂಲವ್ಯಾಧಿ ಇತ್ತು, ಅಷ್ಟರಲ್ಲೇ ಅರ್ಥ ಮಾಡ್ಕೋ. ಆಗ ಮನೆಗೆ ಒಂದೇ ಇದ್ದಿದ್ದು. ಹೂ ಬಿಡೋವರೆಗೆ ನಾವೆಲ್ಲ ಚೊಂಬು ಹಿಡ್ಕೊಂಡು ಪಕ್ಕದ ಮನೆಗೆ ಹೋಗಿದೀವಿ.

ವರ್ಷದ ತಿಥಿ ಮುಗಿದ ಮೇಲೆ ಗಿಡ ನೆಡಲೇಬೇಕು. ಯಾಕೆ ಅಂದ್ರೆ ನೆಡದಿದ್ರೆ ನೆರಳು ಹರಿಯೋಕೆ ಶುರುವಾಗುತ್ತೆ, ಪಕ್ಕದೋರ ಅಂಗಳಕ್ಕೆ ಹೋಗುತ್ತೆ, ಗೋಡೆ ಪಾಚಿ ಕಟ್ಟುತ್ತೆ, ಬಟ್ಟೆ ಒಣಗಲ್ಲ. ಗಿಡ ನೆಟ್ಟರೆ ಅಲ್ಲೇ ನಿಲ್ಲುತ್ತೆ. ಗಿಡ ಬೆಳೆದು ಮೈತುಂಬ ಹೂ ಬಿಟ್ಟ ದಿನ ಬೀದಿಯೋರೆಲ್ಲ ಬರ್ತಾರೆ, ಹೆಸರುಬೇಳೆ ಪಾಯಸ ಮಾಡ್ತೀವಿ, ದಳ ಉದುರಿದ ಮೇಲೆ ಗಿಡ ಕಡಿದು, ಮುಂದಿನೋರು ನೆಡೋಕೆ ಅಂತ ಕಡ್ಡಿ ಹಂಚ್ತೀವಿ. ನೆಲ ನೋಡಿದ್ರೆ ಬೆಳ್ಳಗಿರುತ್ತೆ. ಹೋದ್ರು ಅಂತ ಅರ್ಥ. ನಮ್ಮೋರು ನಡುಮನೇಲಿ ರೇಡಿಯೋ ಮುಂದೆ ಉಳಿದಿದ್ರು, ನೆಲದ ಕಲ್ಲು ಕೀಳಿಸಿ ನೆಟ್ಟಿದ್ದೆ. ಹೂವಾದ ದಿನ ನಾನು ಅತ್ತಷ್ಟು ಸತ್ತ ದಿನಾನೂ ಅತ್ತಿರಲಿಲ್ಲ. ಮಾರನೇ ದಿನ ಎದ್ದು ಕಲ್ಲು ವಾಪಸ್ ಹಾಕಿಸಿ, ಹುಳಿ ಮಾಡ್ಕೊಂಡು ಉಂಡೆ. ಹೂವೇ ನೆರಳನ್ನ ಕರ್ಕೊಂಡು ಹೋಗೋದು ಅಂತ ನಾವೆಲ್ಲ ತಿಳ್ಕೊಂಡಿದ್ದು. ಹೂವಿಗೆ ಮುಂಚೆ ಇರುತ್ತೆ, ಹೂವಾದ ಮೇಲೆ ಇರಲ್ಲ, ಇನ್ನೇನು ತಿಳ್ಕೊಳ್ಳೋದು? ಬಗ್ಗಿ ನೋಡೋ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಈಗ ಚೆಲುವಿ. ಚೆಲುವಮ್ಮಣ್ಣಿ ಅಂತ ಹೆಸರು, ನನಗಿಂತ ತುಂಬ ಚಿಕ್ಕೋಳು, ನಾನೇ ಎತ್ತಿ ಆಡಿಸಿದ್ದು. ಅವಳ ಗಂಡ ಪುಟ್ಟರಂಗ ಛತ್ರಿ ರಿಪೇರಿ ಮಾಡ್ತಿದ್ದ. ಮಳೆಗಾಲದಲ್ಲಿ ಕೈತುಂಬ ಕೆಲಸ, ಬೇಸಿಗೇಲಿ ಹೆಂಡತಿ ಮುಖ ನೋಡೋದೇ ಕೆಲಸ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿದೆಯಲ್ಲ, ಅದರ ಮೇಲೆ ಒಂದು ಕಾಲು ಮಡಚಿ, ತೊಡೆ ಮೇಲೆ ಛತ್ರಿ ಬಿಚ್ಚಿಟ್ಕೊಂಡು ಕೂರ್ತಿದ್ದ. ಅವಳು ಬಟ್ಟೆ ಒಗೀಬೇಕು ಅಂದ್ರೆ "ಏಳ್ರೀ", "ಇನ್ನೊಂದು ಕಡ್ಡಿ ಕಣೆ", "ಏಳ್ರೀ ಅಂದ್ರೆ", ಇದೇ ಪುರಾಣ ದಿನಾ. ಮದುವೆಯಾಗಿ ಸರಿಯಾಗಿ ಎರಡು ಮಳೆಗಾಲ ನೋಡಲಿಲ್ಲ, ಜ್ವರ ಬಂತು, ಹೋದ. ನೆರಳು ಕಲ್ಲಿನ ಮೇಲೆ ಉಳೀತು. ಮಡಚಿದ ಕಾಲು, ತೊಡೆ ಮೇಲೆ ಛತ್ರಿ, ಛತ್ರಿ ಕಡ್ಡಿ ಒಂದೊಂದೂ ಗೆರೆ ಎಳೆದಂಗೆ. ಎಷ್ಟೋ ನೆರಳು ನೋಡಿದೀನಿ, ಅಷ್ಟು ಚೆಂದದ್ದು ನೋಡಿಲ್ಲ. ಚೆಲುವಿ ಬಟ್ಟೆಯೆಲ್ಲ ಬಚ್ಚಲಲ್ಲಿ ಒಗೆಯೋಕೆ ಶುರು ಮಾಡಿದಳು. ಕಲ್ಲಿನ ಪಕ್ಕ ಮಣೆ ಹಾಕ್ಕೊಂಡು ಅಲ್ಲೇ ಊಟ, ಅಲ್ಲೇ ಹುರುಳಿಕಾಯಿ ಬಿಡಿಸೋದು, ಊರಿನ ಸುದ್ದಿಯೆಲ್ಲ ಕಲ್ಲಿಗೆ ಹೇಳೋದು.

ವರ್ಷ ತುಂಬಿತು, ನೆಡಲ್ಲ ಅಂದಳು. ನಾನು ಹೇಳಿದೆ, ನಮ್ಮೋರು ಹೇಳಿದ್ರು, ಬೀದಿ ಹಿರೀಕರು ಬಂದು ಹೇಳಿದ್ರು. ಊಹೂಂ. ನೆರಳು ಮೆಲ್ಲಗೆ ಹರಿಯೋಕೆ ಹತ್ತಿತು, ಗೋಡೆ ದಾಟಿ ಪಕ್ಕದ ಜವರಮ್ಮನ ಹಿತ್ತಲಿಗೆ ಹೋಯ್ತು. ಜವರಮ್ಮ ಅಂದ್ರೆ ಏನು ಅಂತ ನಿನಗೆ ಗೊತ್ತಲ್ಲ, ಈಗ ಮುದುಕಿಯಾಗಿ ಮೆತ್ತಗಾಗಿದಾಳೆ, ಆಗ ಅವಳ ಬಾಯಿಗೆ ಕಾಗೆ ಕೂಡ ಆ ಮನೆ ಮೇಲೆ ಕೂರ್ತಿರಲಿಲ್ಲ. ಅವಳು ಹರಡಿದ ಸಂಡಿಗೆಯೆಲ್ಲ ಬೂಷ್ಟು ಹಿಡೀತು. ಗೋಡೆ ಮೇಲೆ ಅರ್ಧ ಮೈ ಹಾಕಿ ಕೂಗಿದಳು, "ಏ ಚೆಲುವಿ, ನಿನ್ನ ಗಂಡ ಬದುಕಿದ್ದಾಗ ಮರ್ಯಾದಸ್ತ, ನಮ್ಮನೆ ಕಡೆ ಕತ್ತೆತ್ತಿ ನೋಡಿದೋನಲ್ಲ. ಸತ್ತ ಮೇಲೆ ಬಂದು ನನ್ನ ಸಂಡಿಗೆ ಮೇಲೆ ಕೂತವ್ನಲ್ಲೇ! ಕರ್ಕೊಂಡು ಹೋಗೇ!" ಚೆಲುವಿ ಇಲ್ಲಿಂದ, "ಸಂಡಿಗೆಗೆ ಉಪ್ಪು ಜಾಸ್ತಿಯಾಗಿದ್ಯಾ ಕೇಳು, ಅವ್ರಿಗೆ ಉಪ್ಪು ಕಂಡ್ರಾಗಲ್ಲ" ಅಂದಳು. ನಾನು ನಕ್ಕೆ, ಜವರಮ್ಮಾನೂ ನಕ್ಕಳು, ನಕ್ಕೊಂಡೇ ಪಂಚಾಯ್ತಿಗೆ ಹೋದಳು.

ಕೊನೆಗೆ ನೆಟ್ಟಳು. ಅವಳೇ ಗುಂಡಿ ತೋಡಿದಳು, ಕಾಲಿನ ಹತ್ರ, ಮಡಚಿದ ಕಾಲಲ್ಲ, ಇಳಿಬಿಟ್ಟ ಕಾಲಿನ ಹತ್ರ. ನೆರಳು ವಾಪಸ್ ಬಂದು ಕಲ್ಲಿನ ಮೇಲೆ ಕೂತ್ಕೊಂತು. ಗಿಡ ಚೆನ್ನಾಗಿ ಹಿಡೀತು. ಆದ್ರೆ ಶಿವರಾತ್ರಿ ಬಂತು, ಹೂವಿಲ್ಲ. ಇನ್ನೊಂದು ಶಿವರಾತ್ರಿ ಬಂತು, ಹೂವಿಲ್ಲ. ಬಂಜೆ ಗಿಡ ಅಂದ್ರು, ಮಣ್ಣು ಸರಿಯಿಲ್ಲ ಅಂದ್ರು, ಒಬ್ಬರು ಮೊಟ್ಟೆ ಸಿಪ್ಪೆ ತಂದು ಹಾಕಿದ್ರು. ಒಂದು ಸಲ ಪುಷ್ಯ ಮಾಸದಲ್ಲಿ, ಚಳೀಲಿ, ಎಳ್ಳುಬೆಲ್ಲ ಕೊಡೋಣ ಅಂತ ಹಿತ್ತಲ ಕಡೆಯಿಂದ ಹೋದೆ. ಚೆಲುವಿ ಪುಟ್ಟರಂಗನ ಕತ್ತರಿ ಹಿಡ್ಕೊಂಡು ನಿಂತಿದಾಳೆ, ಛತ್ರಿ ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ. ಬಲಿತ ಕೊಂಬೆನೆಲ್ಲ ಬುಡದಿಂದ ಗೇಣು ಬಿಟ್ಟು ಕಚಕಚ ಅಂತ ಉರುಳಿಸ್ತಿದಾಳೆ. ಕೈಯೆಲ್ಲ ಮುಳ್ಳು ಗೀರಿ ರಕ್ತ. ನಂಗೆ ಒಂದೇ ನೋಟಕ್ಕೆ ಅರ್ಥ ಆಯ್ತು. ಬಲಿತ ಕೊಂಬೆ ಇಲ್ಲದಿದ್ರೆ ಮೊಗ್ಗೆಲ್ಲಿ? ಮೊಗ್ಗಿಲ್ಲದಿದ್ರೆ ಕಳಿಸೋದು ಹೆಂಗೆ?

"ಏನೇ ಇದು, ಹೆಂಗಸಾ ನೀನು? ಅವನನ್ನ ಹೋಗೋಕೆ ಬಿಡೇ" ಅಂದೆ. ಅವಳು ಕತ್ತರಿ ಕೆಳಗಿಡಲಿಲ್ಲ. "ಅಕ್ಕ, ನೀನು ಭಾವನ ಜತೆ ದಿನಾ ಬೆಳಗಾದ್ರೆ ಜಗಳ ಆಡ್ತೀಯ" ಅಂದಳು. "ಕಾಫಿ ತಣ್ಣಗಾಯ್ತು ಅಂತ ಜಗಳ, ಬಿಸಿಯಾಯ್ತು ಅಂತ ಜಗಳ. ಜಗಳಕ್ಕಾದ್ರೂ ನಂಗೊಂದು ನೆರಳು ಬೇಡ್ವಾ?" ಎಳ್ಳುಬೆಲ್ಲದ ತಟ್ಟೆ ಕಲ್ಲಿನ ಪಕ್ಕ ಇಟ್ಟು ಬಂದೆ. ಊರಿಗೆ ಗೊತ್ತಾಗೋಕೆ ಬಹಳ ದಿನ ಹಿಡೀಲಿಲ್ಲ. ಆದ್ರೆ ಗಿಡ ನೆಡಬೇಕು ಅಂತ ಕಟ್ಟಳೆ ಇತ್ತು, ಕತ್ತರಿಸಬಾರದು ಅಂತ ಇರಲಿಲ್ಲ. ಅಂಥದ್ದು ಯಾರೂ ಮಾಡಿರಲೇ ಇಲ್ಲವಲ್ಲ, ಯಾಕಿರುತ್ತೆ ಕಟ್ಟಳೆ? ನೆರಳು ಹರೀತಿಲ್ಲ, ಸಂಡಿಗೆ ಒಣಗ್ತಿದೆ, ಜವರಮ್ಮ ಸುಮ್ಮನಾದಳು. ಎಲ್ಲರೂ ಸುಮ್ಮನಾದ್ರು.

ಆಸ್ಪತ್ರೆ ಕಂಪೌಂಡರು ಶೇಷಪ್ಪ ಅಂತ ಒಬ್ಬ ಇದ್ದ. ಅವನ ಹೆಂಡತಿ ಗಿಡ ಹೂವಾಗಿ ಮುಗಿದಿತ್ತು. ಒಳ್ಳೆಯೋನು, ಬಾಯಿ ಸತ್ತೋನು. ಚೆಲುವಿ ಕೈಗೆ ಮುಳ್ಳು ಚುಚ್ಚಿ ಕೀವಾದಾಗ ಪಟ್ಟಿ ಕಟ್ಟೋಕೆ ಬಂದ. ಕೈ ವಾಸಿಯಾಯ್ತು, ಅವನು ಬರೋದು ನಿಲ್ಲಲಿಲ್ಲ. ಒಂದು ಸಲ ನನ್ನ ಮುಂದೇನೇ ಕೇಳಿದ. ಮದುವೆಯಾಗೋಣ ಅಂತ ಕೇಳೋಕೆ ಅವನಿಗೆ ನಾಚಿಕೆ, ಟೋಪಿ ತೆಗೆದು ಕೈಲಿ ತಿರುಗಿಸ್ತಾ, "ಆ ಕಡೆ ಅವ್ರು ಇರಲಿ. ನಾನೇನು ಗಿಡ ಬೆಳೆಸಿ ಅನ್ನಲ್ಲ. ನಾನು ಈ ಕಡೆ ಕೂರ್ತೀನಿ, ಜಾಗ ಇದೆಯಲ್ಲ" ಅಂದ. ಯಾವ ಗಂಡಸು ಹಂಗೆ ಕೇಳ್ತಾನೆ ಹೇಳು? ಚೆಲುವಿ ಅವನನ್ನ ನೋಡಿದಳು, ಕಲ್ಲು ನೋಡಿದಳು. "ಆಮೇಲೆ ನಾನು ಯಾರ ಕಡೆ ಮುಖ ಮಾಡ್ಲಿ?" ಅಂದಳು. ಅವನು ಟೋಪಿ ಹಾಕ್ಕೊಂಡ. ಆದ್ರೂ ಎಷ್ಟೋ ದಿನ ಕಾದ. ನಾನು ಹೋಗಿ ಬೈದೆ, ಕೈಮುಗಿದೆ, "ಇಂಥೋನು ಸಿಗಲ್ಲ ಕಣೇ" ಅಂದೆ. "ನಂಗೂ ಇಷ್ಟ ಅಕ್ಕ" ಅಂದಳು, ಬಾಯಿಬಿಟ್ಟು ಅಂದಳು. "ಇಷ್ಟ ಇಲ್ಲ ಅಂತಲ್ಲ. ಇವ್ರು ಇಲ್ಲೇ ಕೂತಿರೋವಾಗ ಹೆಂಗೆ?" ಶೇಷಪ್ಪ ಬೇರೆ ಊರಿಗೆ ವರ್ಗ ಮಾಡಿಸ್ಕೊಂಡು ಹೋದ. ಹೋಗೋವಾಗ ಅವಳಿಗೆ ಒಂದು ಡಬ್ಬಿ ಮುಲಾಮು ಕೊಟ್ಟುಹೋದ, ಮುಳ್ಳಿಗೆ ಹಚ್ಚೋಕೆ.

ಹಿಂಗೇ ವರ್ಷ ಕಳೀತು ಕಣೆ. ಚೆಲುವಿ ಕೂದಲು ಬೆಳ್ಳಗಾಯ್ತು. ಗಿಡ ಏನಾಯ್ತು ಅಂದ್ರೆ, ಕತ್ತರಿಸಿದಷ್ಟೂ ಉಕ್ಕಿತು. ಬುಡದಿಂದ ಕೈ ಗಾತ್ರದ ಚಿಗುರು ಏಳೋದು, ಮಳೆಗಾಲ ಮುಗಿಯೋಷ್ಟರಲ್ಲಿ ಸೂರು ಮುಟ್ಟೋದು, ಬಗ್ಗಿ ಆ ಕಡೆ ನೆಲ ಮುಟ್ಟೋದು. ಕಲ್ಲಿನ ಮೇಲೆ ಗುಡಿಸಲು ಹಾಕಿದಂಗಾಯ್ತು. ಅದೂ ಸಾಲದು ಅಂತ ಎಷ್ಟೋ ವರ್ಷದಿಂದ ಅವಳು ಬುಡ ಕತ್ತರಿಸೋದು ಬಿಟ್ಟು, ಮೊಗ್ಗು ಕಟ್ಟೋ ತುದಿ ಮಾತ್ರ ಚಿವುಟ್ತಿದ್ಳು, ಬಗ್ಗೋಕಾಗಲ್ಲ ಅಂತ. ಎಲೆ ಮೇಲೆ ಎಲೆ, ಚರ್ಮದಂಥ ಕಪ್ಪೆಲೆ. ಒಳಗೆ ಬಗ್ಗಿಕೊಂಡು ಹೋಗಿ ಕೂರಬೇಕು, ಮಟಮಟ ಮಧ್ಯಾಹ್ನದಲ್ಲೂ ತಂಪು. ಅವಳು ಅಲ್ಲೇ ಇರೋಳು. ಒಂದು ಬೇಸಿಗೇಲಿ ನನ್ನನ್ನ ಕೈಹಿಡಿದು ಒಳಗೆ ಎಳ್ಕೊಂಡು ಹೋಗಿ ತೋರಿಸಿದಳು. "ನೋಡಕ್ಕ, ನೆರಳು ಎಷ್ಟು ದಟ್ಟ ಆಗಿದೆ. ಬದುಕಿದ್ದಾಗ ಕಡ್ಡಿ ಥರ ಇದ್ರು. ಈಗ ದಪ್ಪ ಆಗಿದಾರೆ, ಅಲ್ವಾ? ವಯಸ್ಸಾಯ್ತಲ್ಲ ಅವ್ರಿಗೂ." ನಾನು ನೋಡಿದೆ. ಕಪ್ಪಗೆ ತಂಪಗೆ ಇತ್ತು. ಛತ್ರಿ ಕಡ್ಡಿ ಕಾಣ್ತಿದ್ಯಾ ಅಂತ ಕಣ್ಣು ಕಿರಿದು ಮಾಡಿದೆ. ನನ್ನ ಕಣ್ಣು ಸರಿಯಿಲ್ಲ ಅಂದ್ಕೊಂಡೆ. "ಹೂಂ ಕಣೆ, ದಪ್ಪ ಆಗಿದಾನೆ" ಅಂದೆ.

ನಿಂಗೆ ಅರ್ಥ ಆಗ್ತಿರಬೇಕು ಈಗ. ನಮಗೆ ಆಗಲಿಲ್ಲ ನೋಡು, ಇಡೀ ಊರಿಗೆ ಆಗಲಿಲ್ಲ.

ಹೋದ ಮಳೆಗಾಲದಲ್ಲಿ ಜವರಮ್ಮನ ಹಿತ್ತಲುಗೋಡೆ ನೆನೆದು ಬಿತ್ತು, ನೆಟ್ಟಗೆ ಗಿಡದ ಮೇಲೇ ಬಿತ್ತು. ಪುಣ್ಯಕ್ಕೆ ಚೆಲುವಿ ನಮ್ಮನೇಲಿ ಕಾಫಿ ಕುಡೀತಿದ್ಳು. ಪುಣ್ಯಕ್ಕೆ ಅಂತೀನಿ ಬಾಯಿತಪ್ಪಿ. ಮಣ್ಣು, ಇಟ್ಟಿಗೆ, ಮಧ್ಯ ಮುರಿದ ಕೊಂಬೆ. ಒಗೆಯೋ ಕಲ್ಲಿನ ಮೇಲಿಂದ ಇಟ್ಟಿಗೆ ತೆಗೀಬೇಕಾದ್ರೆ ಗಿಡ ಕಡೀಲೇಬೇಕು ಅಂದ್ರು ಗಾರೆಯೋರು. ಚೆಲುವಿ ತಲೆ ಆಡಿಸಿದಳು. ಗಿಡ ತಾನೇ, ಬುಡ ಇದ್ರೆ ಮತ್ತೆ ಬರುತ್ತೆ, ಅವ್ರಿಗೆ ಏನೂ ಆಗದಿದ್ರೆ ಸರಿ ಅಂದಳು. "ಕಲ್ಲಿನ ಮೇಲೆ ಮಾತ್ರ ಕಾಲಿಡಬೇಡ್ರಪ್ಪ, ಅಲ್ಲಿ ನಮ್ಮೋರಿದಾರೆ." ಗಾರೆಯೋರು ಈ ಊರೋರೇ, ಚಪ್ಪಲಿ ಬಿಚ್ಚಿಟ್ಟು ಕೆಲಸಕ್ಕೆ ಇಳಿದ್ರು. ಜವರಮ್ಮ ಕೋಲೂರ್ಕೊಂಡು ಬಂದು ನಿಂತಳು, "ನನ್ನ ಗೋಡೆ ಕಣೇ, ನನ್ನ ತಪ್ಪಲ್ಲ" ಅಂತ ನೂರು ಸಲ ಹೇಳಿದಳು. "ಅಂತೂ ಕೊನೆಗೆ ನೀನೇ ನಮ್ಮನೆಗೆ ಬಂದು ಬಿದ್ದೆ" ಅಂದಳು ಚೆಲುವಿ. ನಗ್ತಾನೇ ಇದ್ಳು ಆಗ.

ಗಿಡ ಕಡಿದು ಎಳೆದು ಹಾಕಿದ್ರು. ಮೋಡ ಮುಚ್ಕೊಂಡಿತ್ತು. ಮಂಕು ಬೆಳಕಲ್ಲಿ ಕಲ್ಲು ಒದ್ದೆಯಾಗಿ, ಕಪ್ಪಗೆ ಕೂತಿತ್ತು. "ಇದಾರೆ ನೋಡು" ಅಂದಳು ಚೆಲುವಿ, ಸೆರಗಿನಿಂದ ಕಲ್ಲಿನ ಮೇಲಿನ ಮಣ್ಣು ಒರೆಸಿದಳು. ಎಲೆಚೂರು ಆರಿಸಿ ಹಾಕಿದಳು. ಅಷ್ಟರಲ್ಲಿ ಮೋಡ ಸರೀತು.

ಬಿಸಿಲು ಬಿತ್ತು ಕಣೆ. ಕಲ್ಲಿನ ಮೇಲೆ ಪೂರ್ತಿ ಬಿತ್ತು. ಎಷ್ಟು ಬೆಳ್ಳಗಿತ್ತು ಅಂದ್ರೆ ಒಗೆಯೋ ಕಲ್ಲು ಹಂಗಿರುತ್ತೆ ಅಂತಾನೇ ನಂಗೆ ಮರೆತುಹೋಗಿತ್ತು. ಕಾಲಿಲ್ಲ, ತೊಡೆಯಿಲ್ಲ, ಛತ್ರಿಯಿಲ್ಲ. ಕಲ್ಲಿನ ಪಕ್ಕ ಅವಳ ಮಣೆ ಒಂದು ನಜ್ಜುಗುಜ್ಜಾಗಿ ಬಿದ್ದಿತ್ತು. ಗಾರೆಯೋರು ಸನಿಕೆ ಹಿಡ್ಕೊಂಡು ಹಂಗೇ ನಿಂತ್ರು. ಆಗ ಜವರಮ್ಮ ಏನು ಮಾಡಿದಳು ಗೊತ್ತಾ? ಕೋಲು ಬಿಸಾಕಿದಳು, ಇಟ್ಟಿಗೆ ರಾಶಿ ಮೇಲೆ ಅಂಬೆಗಾಲಿಟ್ಕೊಂಡು ಹತ್ತಿದಳು, ಬಿಸಿಲಿಗೆ ಅಡ್ಡ ನಿಂತಳು, ಸೆರಗು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು. ಅವಳ ನೆರಳು ಹೋಗಿ ಕಲ್ಲಿನ ಮೇಲೆ ಬಿತ್ತು. "ಇಲ್ಲೇ ಅವ್ನೆ ನೋಡೇ ಚೆಲುವಿ" ಅಂದಳು. "ಎಲ್ಲಿ ಹೋಗ್ತಾನೆ? ಇಲ್ಲೇ ಅವ್ನೆ ನೋಡು." ಜೀವನಪೂರ್ತಿ ಆ ನೆರಳನ್ನ ಬೈದೋಳು.

ಚೆಲುವಿ ಆ ನೆರಳು ನೋಡಿದಳು. ಆಮೇಲೆ ಮೆಲ್ಲಗೆ, "ಅದು ನಿನ್ನ ಸೆರಗಿನದು ಜವರಿ. ಪಕ್ಕಕ್ಕೆ ಬಾ, ಬಿದ್ದುಬಿಟ್ಟೀಯ" ಅಂದಳು.

ಆಮೇಲೆ ಕೂತು ಯೋಚನೆ ಮಾಡಿದ್ವಿ, ಇನ್ನೇನು ಕೆಲಸ ನಮಗೆ. ಹೂವು ಕರ್ಕೊಂಡು ಹೋಗೋದಲ್ಲ. ಗಿಡ ಬದುಕೋದೇ ನೆರಳು ಕುಡಿದು. ಎಲೆ ಬಿಡೋಕೂ ಕುಡಿಯುತ್ತೆ, ಚಿಗುರೋಕೂ ಕುಡಿಯುತ್ತೆ. ಬೇರೆಯೋರ ಮನೇಲಿ ಗಿಡ ಬೆಳೆದು ಹೂವಾಗೋ ಹೊತ್ತಿಗೆ ಸರಿಯಾಗಿ ಮುಗೀತಿತ್ತು, ನಾವು ಹೂವಿನ ಮಹಿಮೆ ಅಂದ್ಕೊಂಡ್ವಿ. ಇವಳು ಪ್ರತಿ ವರ್ಷ ಕತ್ತರಿ ಹಾಕಿದಳು, ಪ್ರತಿ ವರ್ಷ ಅದು ಹೊಸದಾಗಿ ಚಿಗುರೋಕೆ ಅವನನ್ನೇ ಇನ್ನಷ್ಟು ಕುಡೀತು. ಬೇರೆ ನೆರಳಿಗಿಂತ ಬೇಗಾನೇ ಹೋಗಿರಬೇಕು ಅವನು. ಆಮೇಲಿಂದ ಅಲ್ಲಿದ್ದಿದ್ದು ಬರೀ ಗಿಡದ ನೆರಳು. ಅಷ್ಟು ದೊಡ್ಡ ಗಿಡ, ಅದಕ್ಕೊಂದು ನೆರಳಿರಲ್ವೇ? ತನ್ನ ನೆರಳನ್ನೇ ಕುಡ್ಕೊಂಡು ಬದುಕಿತ್ತೇನೋ. ನನ್ನ ತಂಗಿ ಆ ಎಲೆ ನೆರಳಿಗೆ ಊಟ ಬಡಿಸಿದಾಳೆ, ಸುದ್ದಿ ಹೇಳಿದಾಳೆ, ಜಗಳ ಆಡಿದಾಳೆ.

ಅವಳು ಅಳಲಿಲ್ಲ. ಅತ್ತಿದ್ರೆ ಸಮಾಧಾನ ಮಾಡೋ ವಿದ್ಯೆ ನಂಗೆ ಗೊತ್ತಿತ್ತು. ಒಂದು ದಿನ ಅಕ್ಕಿ ಆರಿಸ್ತಾ ಕೂತಿದ್ದೆ, ಬಂದು ಪಕ್ಕದಲ್ಲಿ ಕೂತಳು. "ಯಾವಾಗ ಹೋದ್ರು ಅಕ್ಕ?" ಅಂದಳು. ನಂಗೇನು ಗೊತ್ತೇ ಅಂದೆ. "ನಿನಗೆ ಭಾವ ಹೋದ ದಿನ ಗೊತ್ತು, ಪಾಯಸ ಮಾಡಿದೆ. ಜವರಿಗೆ ಅವಳ ಗಂಡ ಹೋದ ದಿನ ಗೊತ್ತು. ಕ್ಯಾಷಿಯರ ಹೆಂಡತಿಗೂ ಗೊತ್ತು. ಇವ್ರು ಹೋಗೋವಾಗ ನಾನು ಪಕ್ಕದಲ್ಲೇ ಹುರುಳಿಕಾಯಿ ಬಿಡಿಸ್ತಾ ಕೂತಿದ್ನೇನೋ. ಹೋಗ್ತೀನಿ ಅಂದಿರಬೇಕು ಅವ್ರು. ನಾನು ಜವರಿ ಸುದ್ದಿ ಹೇಳ್ತಿದ್ದೆನೇನೋ." ಅಕ್ಕಿ ತಟ್ಟೆ ಕೆಳಗಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ, ತಟ್ಟೆಯಿಂದ ಒಂದು ನೆಲ್ಲು ಆರಿಸಿ ಬಿಸಾಕಿದಳು. "ಆ ಕಂಪೌಂಡರು ಬಂದಿದ್ರಲ್ಲಕ್ಕ. ಅವತ್ತು ಇದ್ರಾ ಇವ್ರು?"

ಇದ್ದ ಅಂದೆ. ಇದ್ದ ಕಣೆ, ನಾನೇ ಕಣ್ಣಾರೆ ನೋಡಿದೀನಿ, ಛತ್ರಿ ಕಡ್ಡಿ ಸಮೇತ ಕಾಣ್ತಿದ್ದ ಅಂದೆ. ಏನು ನೋಡಿದ್ದೆ ನಾನು? ಎಲೆ ನೋಡಿದ್ದೆ. ಅವಳು "ಹೂಂ" ಅಂದಳು. ನಂಬಿದಳೋ ಇಲ್ಲವೋ, ಆ ಹೂಂನಲ್ಲಿ ಏನೂ ಗೊತ್ತಾಗಲಿಲ್ಲ. ಶೇಷಪ್ಪಾನೂ ಈಗಿಲ್ಲ ಅಂತ ಕೇಳಿದೆ. ಆ ಊರಲ್ಲಿ ನೆರಳು ಉಳಿಯುತ್ತೋ ಇಲ್ಲವೋ ಯಾರಿಗೆ ಗೊತ್ತು, ಅವಳಿಗೆ ಹೇಳಿಲ್ಲ ನಾನು.

ಗಿಡದ ಬುಡ ಇನ್ನೂ ಇದೆ. ಗೋಡೆ ಬಿದ್ದ ಮೇಲೆ ಆ ಹಿತ್ತಲಿಗೆ ದಿನಪೂರ್ತಿ ಬಿಸಿಲು. ಆಗ್ಲೇ ಹೇಳಿದ್ನಲ್ಲ, ಈ ಜಾತಿಗೆ ಬಿಸಿಲು ಆಗಲ್ಲ. ಒಂದೆರಡು ಚಿಗುರು ಬಂತು, ತುದಿ ಕೆಂಪಗಿತ್ತು, ಸಂಜೆಯೊಳಗೆ ಸುಟ್ಟು ಪುಡಿಯಾಯ್ತು. ಮತ್ತೆ ಬಂತು, ಮತ್ತೆ ಸುಟ್ಟಿತು. ಚೆಲುವಿ ಯಾರನ್ನೋ ಅಟ್ಟ ಹತ್ತಿಸಿ ಪುಟ್ಟರಂಗನ ಪೆಟ್ಟಿಗೆ ಇಳಿಸ್ಕೊಂಡಳು. ಅದರಲ್ಲಿ ಯಾರೋ ರಿಪೇರಿಗೆ ಕೊಟ್ಟು ವಾಪಸ್ ತಗೊಂಡು ಹೋಗದ ಛತ್ರಿ ಒಂದಿತ್ತು, ಅವನು ಅರ್ಧ ಹೊಲಿದು ಬಿಟ್ಟಿದ್ದು. ಉಳಿದರ್ಧ ಇವಳು ಹೊಲಿದಳು, ವಕ್ರವಕ್ರವಾಗಿ. ಆ ಕತ್ತರಿ ತಂದು ನನ್ನ ಕೈಗೆ ಕೊಟ್ಟಳು, "ನಿಮ್ಮನೇಲಿ ಇಟ್ಕೋ, ಇನ್ನು ನಂಗೆ ಬೇಡ" ಅಂತ. ಈಗ ಬೆಳಗ್ಗೆಯಿಂದ ಸಂಜೆವರೆಗೆ ಆ ಬುಡದ ಪಕ್ಕ ಛತ್ರಿ ಹಿಡ್ಕೊಂಡು ಕೂರ್ತಾಳೆ. ಕಂಬಕ್ಕೆ ಕಟ್ಟಿಬಿಡೇ ಅಂದೆ. ಕಟ್ಟಿದ್ರೆ ಸೂರ್ಯನ ಜತೆ ನೆರಳು ಓಡಾಡುತ್ತೆ ಅಕ್ಕ, ಅಂದಳು. ಅದಕ್ಕೇ ಕೈಲೇ ಹಿಡೀಬೇಕಂತೆ. ಬಿಸಿಲು ಇತ್ತ ಸರಿದ್ರೆ ಅವಳು ಛತ್ರಿ ಅತ್ತ ವಾಲಿಸ್ತಾಳೆ, ಅತ್ತ ಸರಿದ್ರೆ ಇತ್ತ. ನೆರಳು ಇದ್ದಲ್ಲೇ ಇರುತ್ತೆ, ಇಂಚೂ ಕದಲಲ್ಲ. "ಅವ್ರು ಈ ಗಿಡದೊಳಗೆ ತಾನೆ ಹೋಗಿರೋದು" ಅಂತಾಳೆ. "ಹೂವಾಗೋವರೆಗೆ ಇದು ಬದುಕಬೇಕು. ಇದ್ರದ್ದಾದ್ರೂ ಪಾಯಸ ಮಾಡಬೇಕು ನಾನು." ಈಗ ಇರೋದು ಬರೀ ಚಿಗುರು. ಅದು ಉಳೀಬೇಕು, ಬಲೀಬೇಕು, ಆಮೇಲಿನ ಶಿವರಾತ್ರಿಗೆ ಮೊಗ್ಗು. ಅವಳ ಕೈ ನೋಡಿದ್ರೆ ಈ ಬೇಸಿಗೆ ದಾಟೋದೇ ಕಷ್ಟ. ಗಿಡಾನೋ ಅವಳೋ ಯಾರು ಮೊದಲು ಅಂತ ನಾನೂ ಜವರಮ್ಮಾನೂ ಮಾತಾಡ್ಕೊಳ್ಳಲ್ಲ, ಮುಖ ಮುಖ ನೋಡ್ಕೋತೀವಿ.

ಈಗ ನಿನ್ನ ಮೂರನೇ ಪ್ರಶ್ನೆ. ನಿನ್ನ ಗಂಡ ಜಗಲಿ ಮೇಲೆ ಕಾಲು ಇಳಿಬಿಟ್ಕೊಂಡು ಕೂತಿರೋದನ್ನ ನಾನೂ ದಾರೀಲಿ ಹೋಗ್ತಾ ನೋಡಿದೀನಿ ವೈಜಯಂತಿ. ಎಳೇ ವಯಸ್ಸು. ಚಪ್ಪಲಿ ಒಂದು ಕಾಲಲ್ಲಿದೆ, ಒಂದು ಕಾಲಲ್ಲಿಲ್ಲ. ನಂಗೇ ನೋಡೋಕಾಗಲ್ಲ, ನಿನಗೆ ಇನ್ನೆಂಗಾಗಬೇಡ. ಆದ್ರೂ ನಾನು ಮುಚ್ಚಿ ಹೇಳೋಳಲ್ಲ. ಕತ್ತರಿಸಿದ್ರೂ ಹೋಗ್ತಾನೆ, ಕತ್ತರಿಸದಿದ್ರೂ ಹೋಗ್ತಾನೆ. ಕತ್ತರಿಸದಿದ್ರೆ ಹೋದ ದಿನ ಯಾವುದು ಅಂತ ನಿನಗೆ ಗೊತ್ತಿರುತ್ತೆ, ಅಷ್ಟೇ. ಅದು ಸಾಕಾ ಅಂತ ಕೇಳಬೇಡ. ಸಾಕಾಗಲ್ಲ. ನೆಡೋಕೆ ಕಡ್ಡಿ ಬೇಕಾದ್ರೆ ಬೇರೆ ಕಡೆಯಿಂದ ತರಿಸಿ ಒದ್ದೆ ಗೋಣೀಲಿ ಸುತ್ತಿ ಕಳಿಸ್ತೀನಿ. ಕತ್ತರಿ ಮಾತ್ರ ಕೇಳೋಕೆ ಬರಬೇಡ, ಕೊಡಲ್ಲ.

ಇರು, ಹೊತ್ತು ಆ ಕಡೆ ವಾಲ್ತಾ ಇದೆ. ಚೆಲುವಿ ಕಿಟಕೀಲಿ ಕಾಣ್ತಿದಾಳೆ, ಛತ್ರಿ ಕೈ ಬದಲಾಯಿಸ್ತಿದಾಳೆ, ತೋಳು ನಡುಗ್ತಿದೆ. ಜವರಮ್ಮ ಬೆಳಗ್ಗೆ ಹಿಡಿದಿದ್ಳು. ಈ ಹೊತ್ತಿನದು ನನ್ನ ಸರದಿ. ಹೋಗ್ಬೇಕು ನಾನು, ನೆರಳು ಕದಲಿಬಿಟ್ಟೀತು.